ಹಳೇಕೋಟೆಯ ಫೈಲು

ಹಾಸನದ ಒಂದು ಶೀತಲಗೃಹದ ಆಫೀಸಿನಲ್ಲಿ ಪ್ರೇಮಕುಮಾರಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ರೈತರು ಮಾರ್ಚಿನಲ್ಲಿ ಬಿತ್ತನೆ ಆಲೂಗೆಡ್ಡೆ ತಂದಿಟ್ಟು ಮೇ ತಿಂಗಳಲ್ಲಿ ಒಯ್ಯುವರು. ಚೀಲದ ಮೇಲೆ ನಂಬರು ಮಾತ್ರ. ಅದು ಯಾರದೆಂಬುದು ಸರ್ವರಿನಲ್ಲಿ. ಬಂದವರು ಹೆಸರಿಗಿಂತ ಮೊದಲು ಊರು ಹೇಳುತ್ತಿದ್ದುದರಿಂದ ಫೈಲುಗಳಿಗೂ ಊರಿನ ಹೆಸರೇ. ವ್ಯವಹಾರ ಮುಗಿದ ಫೈಲಿನ ಹೆಸರಿನ ಆರಂಭಕ್ಕೆ ಪ್ರೇಮಕುಮಾರಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಹಳೇ’ ಎಂದು ಸೇರಿಸುತ್ತಿದ್ದರು.

2006ರ ಏಪ್ರಿಲ್‌ನಲ್ಲಿ ಸರ್ವರ್ ತುಂಬಿತು.

“ಏನ್ ಪ್ರೇಮಾ, ನಿನ್ ಕಂಪ್ಯೂಟರ್‌ಗೂ ಶೀತ ಹಿಡೀತಾ?” ಎಂದರು ಮಾಲೀಕ ದೇವರಾಜ್. “ಒಂದ್ ಬಿಲ್ ಬರೋಷ್ಟ್ರಲ್ಲಿ ಕಾಫಿ ಕುಡ್ದು ಬರ್ಬೋದು.”

ಹಳೆಯ ಫೈಲುಗಳನ್ನು ಸಿ.ಡಿ.ಗೆ ಸಾಗಿಸಬೇಕಿತ್ತು. ಸರ್ವರ್ ಕೂರಿಸಿದ್ದ ವಿಶ್ವಾಸ್ ಫೋನಿನಲ್ಲಿ, “ತಾರೀಖು ನೋಡಿ ಆರಿಸಿ ಮೇಡಂ. ಪಟ್ಟಿ ಓದಿ, ಆಮೇಲೆ ಅಳಿಸಿ” ಎಂದ. ತಾರೀಖು ಪ್ರೇಮಕುಮಾರಿಗೆ ಒಪ್ಪಿಗೆಯಾಗಲಿಲ್ಲ. ಹಳೆಯ ಫೈಲನ್ನು ಯಾರಾದರೂ ತೆರೆದು ಸೇವ್ ಮಾಡಿದರೆ ಹೊಸ ತಾರೀಖು ಬೀಳುತ್ತಿತ್ತು. ಹೆಸರೇ ವಾಸಿ ಎನಿಸಿತು. ‘ಹಳೇ’ ಎಂದು ಶುರುವಾಗುವುದನ್ನೆಲ್ಲ ಒಟ್ಟಿಗೆ ಹುಡುಕಿಸಿ, ಸಿ.ಡಿ.ಗೆ ಹಾಕಿ, ಸರ್ವರಿನಿಂದ ಅಳಿಸಿದರು. ಪಟ್ಟಿ ಓದಲಿಲ್ಲ. ಹಳೇಕೋಟೆ ಎಂಬ ಊರಿನ, ಇನ್ನೂ ವ್ಯವಹಾರ ಮುಗಿಯದ ಫೈಲೂ ಜೊತೆಗೆ ಹೋಯಿತು.

ಕೆಲವು ದಿನಗಳ ಮೇಲೆ ದೇವರಾಜ್ ಒಂದು ಸಾಲಿನ ಚೀಲಗಳ ನಂಬರು ಹೇಳಿ, “ಇವು ಯಾರವು?” ಎಂದು ಕೇಳಿದರು.

ಪ್ರೇಮಕುಮಾರಿ ಪರದೆ ನೋಡಿ, “ಯಾರ ಹೆಸ್ರೂ ಇಲ್ಲ ಸಾರ್” ಎಂದರು. ಯಾರೋ ಬಿಟ್ಟುಹೋದ ಮಾಲೆಂದು ಅದು ಮಂಡಿಗೆ ಹೋಗಿ ಮಾರಾಟವಾಯಿತು.

ಅದು ಹಳೇಕೋಟೆಯ ಮಂಚಯ್ಯನವರದು. ಉಳಿದವರೆಲ್ಲ ಪಂಜಾಬಿನ ಬಿತ್ತನೆ ಕೊಳ್ಳುವಾಗ ಅವರು ಮಾತ್ರ ಅಂಗಮಾರಿ ರೋಗ ತಗಲದ ಗಿಡಗಳನ್ನು ಗುರುತಿಟ್ಟು, ಅವುಗಳ ಗೆಡ್ಡೆಯನ್ನೇ ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡು ಬಂದಿದ್ದರು. ಮೇ ತಿಂಗಳಲ್ಲಿ ರಸೀದಿ ಹಿಡಿದು ಬಂದಾಗ ಪ್ರೇಮಕುಮಾರಿ ಸಿ.ಡಿ. ಹಾಕಿ ನೋಡಿದರು. ಹೆಸರು, ನಂಬರು ಎಲ್ಲವೂ ಅಲ್ಲಿ ಭದ್ರವಾಗಿತ್ತು. ದೇವರಾಜ್ ಅಷ್ಟೇ ತೂಕದ ಬೇರೆ ಬಿತ್ತನೆ ಕೊಡಿಸಿದರು.

“ಊರೆಸ್ರಲ್ಲೇ ಅಳೇದು ಅಂತ ಐತೆ. ಮಿಸೀನ್ ಏನ್ ಮಾಡಾತು ಬುಡವ್ವ,” ಎಂದರು ಮಂಚಯ್ಯ.

“ಮಿಷೀನಲ್ಲ ಯಜಮಾನ್ರೇ. ನಾನು.”

ಆ ಮಳೆಗಾಲ ಹಳೇಕೋಟೆಯ ಸುತ್ತ ಅಂಗಮಾರಿ ಬಿದ್ದಿದೆಯೆಂದು ಕೇಳಿ ಪ್ರೇಮಕುಮಾರಿ ಬಸ್ಸು ಹತ್ತಿದರು. ಮಂಚಯ್ಯನವರ ಹೊಲದಲ್ಲಿ ಎಲೆಗಳು ಕಪ್ಪಾಗಿ ಮುದುಡಿದ್ದವು.

“ಮತ್ತೆ ಗುರುತು ಹಾಕ್ಬೋದಲ್ವಾ?” ಎಂದು ಕೇಳಿದರು.

“ಅದ್ಕೆ ಉಳ್ದಿರೋ ಗಿಡ ಬೇಕಲ್ಲವ್ವ.”

ಪ್ರೇಮಕುಮಾರಿ ಸಾಲಿನಿಂದ ಸಾಲಿಗೆ ನಡೆದು ಹಸಿರು ಗಿಡ ಹುಡುಕಿದರು. ಒಂದೂ ಸಿಗಲಿಲ್ಲ.