ಸುಣ್ಣ ಸುಟ್ಟಿದ್ದಲ್ಲ

ನಮ್ಮತ್ತೆಯ ಎಡಗೆನ್ನೆಯೊಳಗೆ ಹುಣ್ಣು ಕಾಣಿಸಿಕೊಂಡದ್ದು ಯುಗಾದಿ ಹೊತ್ತಿಗೆ. ಎಲೆಗೆ ಸುಣ್ಣ ಜಾಸ್ತಿಯಾಗಿ ಸುಟ್ಟಿದೆ ಎಂದರು. ನಾನೂ ನಂಬಿದೆ. ನಮ್ಮ ಕಡೆ ಕೊಬ್ಬರಿಯ ಚಿಪ್ಪು ಬಿಡಿಸುತ್ತ ಕೂತ ಹೆಂಗಸರ ಬಾಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಇರದಿದ್ದರೆ ಕೈ ಓಡುವುದಿಲ್ಲ. ಬಾಯಿ ಸುಡುವುದು ಹೊಸದೇನಲ್ಲ. ಹುಣ್ಣಿಗೆ ತುಪ್ಪ ಸವರಿಕೊಂಡರು, ಕಾಯಿಹಾಲಿನಲ್ಲಿ ಮುಕ್ಕಳಿಸಿದರು. ಸುಣ್ಣ ಕಡಿಮೆ ಮಾಡಿದರೇ ಹೊರತು ಹೊಗೆಸೊಪ್ಪನ್ನಲ್ಲ.

ಶ್ರಾವಣ ಬಂದರೂ ಅದು ಮಾಯಲಿಲ್ಲ. ಸಾರಿಗೆ ಖಾರವೇ ಬೇಡವೆಂದರು. ನನಗೆ ಒಳಗೊಳಗೇ ಹೆದರಿಕೆ ಹತ್ತಿತು. ಶೆಟ್ಟಿಕೆರೆಯ ನಮ್ಮ ಚಿಕ್ಕಮ್ಮನಿಗೂ ಹೀಗೇ ಶುರುವಾಗಿತ್ತು, ಕೊನೆಗೆ ಗಂಟಲಲ್ಲಿ ನೀರೂ ಇಳಿಯದೆ ತೀರಿಕೊಂಡರು. ಆ ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಹೇಳಿದರೆ ಹೊಸಿಲು ದಾಟಿ ಬಂದುಬಿಡುತ್ತದೇನೋ ಎಂಬಂತೆ. ಕಡೆಗೆ ಊರಿನ ಆಶಾ ಕಾರ್ಯಕರ್ತೆಯೇ ಟಾರ್ಚ್ ಬಿಟ್ಟು ನೋಡಿ, ಮೂರು ವಾರಕ್ಕೂ ಮಾಯದ ಬಾಯಿಹುಣ್ಣನ್ನು ತೋರಿಸಲೇಬೇಕು, ಬೇಗ ಗೊತ್ತಾದರೆ ಕ್ಯಾನ್ಸರನ್ನೂ ವಾಸಿ ಮಾಡಬಹುದು ಎಂದಳು. ಆ ಪದ ಕೇಳಿದ್ದೇ ಅತ್ತೆ ಎದ್ದು ಹಿತ್ತಲಿಗೆ ಹೋದರು.

ಆಸ್ಪತ್ರೆಗೆ ಬರುವುದಿಲ್ಲವೆಂದು ಹಟ ಹಿಡಿದರು.

"ಕತ್ತರಿ ಮುಟ್ಟಿಸಿದ್ರೆ ಮೈಯೆಲ್ಲ ಹಬ್ಬುತ್ತೆ ಕಣೇ. ನಿಮ್ಮ ಚಿಕ್ಕಮ್ಮಂಗೂ ಹಂಗೇ ಆಗಿದ್ದು."

ನಾನೇನು ಸುಮ್ಮನಿರುವವಳಲ್ಲ. ಚಿಕ್ಕಮ್ಮ ಸತ್ತದ್ದು ಕತ್ತರಿಯಿಂದಲ್ಲ, ತಡ ಮಾಡಿದ್ದರಿಂದ ಎಂದು ಜಗಳ ಕಾದೆ. ಬರದಿದ್ದರೆ ಒಲೆ ಹಚ್ಚುವುದಿಲ್ಲ ಎಂದು ಹೆದರಿಸಿ ತಿಪಟೂರಿನ ಬಸ್ಸು ಹತ್ತಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹುಣ್ಣು ನೋಡಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಏನೂ ಹೇಳಲಾಗದು, ಚೂರು ತೆಗೆದರೆ ಹರಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದವರು ಜಪ್ಪಯ್ಯ ಎಂದರೂ ತೆಗೆಯಲಿಲ್ಲ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, ನೀವೂ ಎಲೆ ಹಾಕುತ್ತೀರಾ ಎಂದು ಕೇಳಿದರು. ಕೆಂಪಗಿದ್ದ ಹಲ್ಲು ಎದುರಿಗೇ ಇತ್ತಲ್ಲ, ಸುಳ್ಳು ಹೇಗೆ ಹೇಳಲಿ? ಹಾಕುತ್ತೇನೆ, ಆದರೆ ನನಗೇನೂ ಆಗಿಲ್ಲ ಎಂದೆ. ಬಾಯಿ ತೆರೆಯಲು ಹೇಳಿದರು. ಎಷ್ಟು ತೆರೆದರೂ ಮೂರು ಬೆರಳು ಹಿಡಿಸುವಷ್ಟು ತೆರೆಯಲಿಲ್ಲ. ನಾನದನ್ನು ಗಮನಿಸಿಯೇ ಇರಲಿಲ್ಲ. ಒಳಗೆ ಬಿಳಿ ಮಚ್ಚೆಯೂ ಇದೆ, ಕ್ಯಾನ್ಸರ್ ಎನ್ನುತ್ತಿಲ್ಲ, ಮುಂದೆ ಆಗಬಹುದು, ನಿಮ್ಮದೂ ಒಂದು ಚೂರು ಬೇಕು ಎಂದರು.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಅತ್ತೆಗೆ ಅಷ್ಟು ಬುದ್ಧಿ ಹೇಳಿದವಳು, ಇವತ್ತು ಬೇಡ, ಮನೆಗೆ ಹೋಗಿ ಕೇಳಿಕೊಂಡು ಬರುತ್ತೇವೆ ಎಂದು ಅವರನ್ನೂ ಎಬ್ಬಿಸಲು ಹೋದೆ.

ಅತ್ತೆ ಏಳಲಿಲ್ಲ. ಬಾಯಿಂದ ಸೆರಗು ತೆಗೆದರು.

"ನಂದು ಮೊದ್ಲು ತಗೀರಿ ಡಾಕ್ಟ್ರಮ್ಮ. ಇವ್ಳು ನಿಂತ್ಕಂಡು ನೋಡ್ಲಿ."

ನನ್ನ ಕೈ ಹಿಡಿದುಕೊಂಡರು. ಸೂಜಿ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡರು, ಬಾಯಿ ಮುಚ್ಚಲಿಲ್ಲ.