ಬಾಕ್ಸ್ ನಲವತ್ತೊಂದರ ಪತ್ರ

ಶನಿವಾರ ಬೆಳಗಿನ ತಿಂಡಿ ಮುಗಿದ ಮೇಲೆ ಇಮೊಜೀನ್ ಡಿಕರ್ಸನ್ ಅಡುಗೆಮನೆಯ ಮೇಜಿನಿಂದ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಜೋಳದ ಪಾಕದ ಸೀಸೆ ಎಲ್ಲವನ್ನೂ ಎತ್ತಿಟ್ಟರು. ಮೇಣಬಟ್ಟೆಯನ್ನು ಒರೆಸಿ ಒಣಗಲು ಬಿಟ್ಟು, ಮಲಗುವ ಕೋಣೆಯಿಂದ ಪತ್ರ ತುಂಬಿದ ಎರಡು ಬೂಟಿನ ಡಬ್ಬಿಗಳನ್ನು ತಂದರು. ಒಂದರ ಮೇಲೆ ಪೆನ್ಸಿಲಿನಲ್ಲಿ ‘ಇಷ್ಟ’ ಎಂದೂ ಇನ್ನೊಂದರ ಮೇಲೆ ‘ಇಷ್ಟವಿಲ್ಲ’ ಎಂದೂ ಬರೆದಿತ್ತು. ಹದಿನೆಂಟು ವರ್ಷ ಒಂದೇ ಡಬ್ಬಿ ಸಾಕಾಗಿತ್ತು.

ಒಲೆಯ ಪಕ್ಕದ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದ ಗಂಡ ಹೋಯ್ಟ್ ಕತ್ತು ಚಾಚಿ ನೋಡಿದರು.

‘ಎಷ್ಟಾಯ್ತೇ?’

‘ಇಷ್ಟ ಮೂವತ್ತೆಂಟು. ಇಷ್ಟ ಇಲ್ಲ ನಲವತ್ತಮೂರು.’

‘ನಂದೂ ಸೇರಿಸ್ಕೋ. ನಲವತ್ನಾಲ್ಕು.’

‘ಬರ್ಕೊಡು. ಹೆಸ್ರು, ವಿಳಾಸ ಹಾಕು. ಆಮೇಲೆ ಸೇರಿಸ್ತೀನಿ.’

‘ಒಂದೇ ಮನೇಲಿದ್ಕೊಂಡು ನಿಂಗೆ ಅಂಚೆಚೀಟಿ ಹಚ್ಚಿ ಕಳಿಸ್ಬೇಕಾ?’

‘ಎಲ್ರೂ ಹಚ್ತಾರೆ. ನೀನೇನು ದೊಡ್ಡ ಮನುಷ್ಯ?’

ಅದು 1974ರ ಮೇ ತಿಂಗಳು. ಟೆನ್ನೆಸ್ಸಿಯ ಗ್ಯಾಲಟಿನ್ ಊರಿನ ಅಂಗಿ ಕಾರ್ಖಾನೆಯಲ್ಲಿ ಇಮೊಜೀನ್ ವಾರಕ್ಕೆ ಐದು ದಿನ ಕಾಲರ್ ಹೊಲಿಯುತ್ತಿದ್ದರು. ಆಗ ಅವರಿಗೆ ಐವತ್ತನಾಲ್ಕು. ತೊಂಬತ್ತು ಹೆಂಗಸರು ಸಾಲಾಗಿ ಕೂರುವ ಆ ಕೋಣೆಯಲ್ಲಿ ಅವರದು ಕಿಟಕಿಯಿಂದ ಮೂರನೆಯ ಯಂತ್ರ. ಮೇಸ್ತ್ರಿಗೆ ಅವರ ಹೆಸರು ಒಮ್ಮೊಮ್ಮೆ ನೆನಪಾಗುತ್ತಿರಲಿಲ್ಲ. ಆದರೆ ಹತ್ತೊಂಬತ್ತು ರಾಜ್ಯಗಳಲ್ಲಿ ಆರುನೂರ ಇಪ್ಪತ್ತು ಮಂದಿ ಅವರನ್ನು ದಕ್ಷಿಣದವರ ಮರ್ಯಾದೆಯಂತೆ ‘ಮಿಸ್ ಇಮೊಜೀನ್’ ಎಂದೇ ಕರೆಯುತ್ತಿದ್ದರು. ಅವರು ಹಳ್ಳಿಹಾಡಿನ ಗಾಯಕ ಡಾರ್ಸಿ ಪ್ರೂಯಿಟ್ ಅಭಿಮಾನಿಗಳ ಸಂಘದ ಅಧ್ಯಕ್ಷೆ.

ಡಾರ್ಸಿ ಇನ್ನೂ ಶಾಲೆಗಳ ಆಟದ ಅಂಗಳಗಳಲ್ಲಿ ಹಾಡುತ್ತಿದ್ದ ಕಾಲದಲ್ಲಿ ಇಮೊಜೀನ್ ಆ ಗಾಯಕರಿಗೊಂದು ಪತ್ರ ಬರೆದಿದ್ದರು. ಪೆನ್ಸಿಲಿನಲ್ಲಿ ಉತ್ತರ ಬಂತು: ‘ನಿಮ್ಮ ಅಕ್ಷರ ಚೆನ್ನಾಗಿದೆ. ನನಗೆ ಬರುವ ಪತ್ರಗಳನ್ನು ನೀವೇ ನೋಡಿಕೊಳ್ಳುತ್ತೀರಾ?’ ಸಂಘ ಹುಟ್ಟಿದ್ದು ಹಾಗೆ. ಎರಡು ತಿಂಗಳಿಗೊಮ್ಮೆ ಬರುವ ಅದರ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಇಮೊಜೀನ್ ಒಂದು ಮಾತು ಕೊಟ್ಟಿದ್ದರು: ಬೈಗುಳವಿಲ್ಲದ ಯಾವ ಪತ್ರವನ್ನೂ ಎಸೆಯುವುದಿಲ್ಲ, ಬರೆದವರ ಹೆಸರು, ಪೂರ್ತಿ ವಿಳಾಸದೊಂದಿಗೆ ಅಚ್ಚು ಹಾಕುತ್ತೇವೆ. ವಿಳಾಸ ಹಾಕುತ್ತಿದ್ದದ್ದು ಅಭಿಮಾನಿಗಳು ಒಬ್ಬರಿಗೊಬ್ಬರು ಬರೆದುಕೊಳ್ಳಲಿ ಎಂದು. ಹಾಗೆ ಬರೆದುಕೊಂಡವರಲ್ಲಿ ನಾಲ್ಕು ಜೋಡಿ ಮದುವೆಯನ್ನೂ ಆಗಿದ್ದರು.

ಆ ವರ್ಷದ ಫೆಬ್ರವರಿಯಲ್ಲಿ ಡಾರ್ಸಿಯ ಹೊಸ ರೆಕಾರ್ಡು ಬಂತು. ಅದರಲ್ಲಿ ಹಳೆಯ ಹಾಡುಗಳ ಸ್ಟೀಲ್ ಗಿಟಾರ್ ಇರಲಿಲ್ಲ. ಇಪ್ಪತ್ತು ವರ್ಷ ಅವರ ಬಲಗಡೆ ನಿಂತು ಹಳ್ಳಿ ಧಾಟಿಯ ಪಿಟೀಲು ನುಡಿಸಿದವನೂ ಇರಲಿಲ್ಲ. ಬದಲಿಗೆ ಪಟ್ಟಣದ ವಾದ್ಯವೃಂದದ ಇಪ್ಪತ್ತು ವಯಲಿನ್‌ಗಳಿದ್ದವು, ಹಿಂದೆ ಹೆಂಗಸರ ಗುಂಪೊಂದು ‘ಊ’ ಎನ್ನುತ್ತಿತ್ತು. ಹಿಂದೆಂದೂ ಅವರ ಹಾಡು ಹಾಕದ ದೊಡ್ಡ ಊರುಗಳ ರೇಡಿಯೋಗಳೂ ಅದನ್ನು ದಿನಕ್ಕೆ ಎಂಟು ಸಲ ಹಾಕಿದವು.

ಓಹಾಯೋದ ಟೈರ್ ಕಾರ್ಖಾನೆಯವನೊಬ್ಬ ಬರೆದ: ‘ನಾನು ಊರು ಬಿಟ್ಟು ಬಂದ ಮೇಲೆ ಊರು ಅಂತ ಇದ್ದದ್ದು ಆ ಪಿಟೀಲು ಒಂದೇ. ಅದನ್ನೂ ತೆಗೆದರೆ ನಾನು ಎಲ್ಲಿಗೆ ಹೋಗಲಿ?’ ಅಲಬಾಮಾದ ನರ್ಸ್ ಬರೆದಳು: ‘ಡಾರ್ಸಿಗೆ ಒಳ್ಳೆಯ ಕೋಟು ಹಾಕಿಕೊಳ್ಳುವ ಹಕ್ಕಿಲ್ಲವೇ? ಹೊಲದ ಬಟ್ಟೆಯಲ್ಲೇ ಸಾಯಬೇಕೇ?’ ಹೋಯ್ಟ್ ಏನನ್ನೂ ಬರೆಯದೆ ಮನೆಯಲ್ಲೇ ಹೇಳುತ್ತಿದ್ದರು: ‘ಒಂದು ಪಿಟೀಲಿದ್ರೆ ಹಾಡು. ಇಪ್ಪತ್ತಿದ್ರೆ ಮೆರವಣಿಗೆ.’

ಇಮೊಜೀನ್ ಏನೂ ಹೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಆ ರೆಕಾರ್ಡು ಅವರಿಗೆ ಇಷ್ಟವಾಗಿತ್ತು. ಹೋಯ್ಟ್ ತಂಬಾಕಿನ ಸಸಿ ನೋಡಲು ಹೊಲಕ್ಕೆ ಹೋದಾಗ ಎರಡನೆಯ ಮಗ್ಗುಲಿನ ಹಾಡೊಂದನ್ನು ಹಾಕಿಕೊಂಡು ಇಸ್ತ್ರಿ ಮಾಡುತ್ತಿದ್ದರು. ದಿನವಿಡೀ ಯಂತ್ರದ ಸದ್ದಿನಲ್ಲಿ ಕೂತ ಕಿವಿಗೆ ಆ ವಯಲಿನ್‌ಗಳು ಹಿತವಾಗಿದ್ದವು.

ಗುರುವಾರ ನ್ಯಾಶ್‌ವಿಲ್‌ನಿಂದ ಫೋನ್ ಬಂದಿತ್ತು. ಡಾರ್ಸಿಯ ವ್ಯವಹಾರ ನೋಡಿಕೊಳ್ಳುವ ಸ್ಟ್ಯಾನ್ಲಿ ಗ್ರೀರ್ ಮೊದಲು ಹವಾಮಾನದ ಬಗ್ಗೆ ಕೇಳಿದರು. ಆಮೇಲೆ ಹೇಳಿದರು:

‘ಮಿಸೆಸ್ ಡಿಕರ್ಸನ್, ಮನೆ ಜಗಳಾನ ಬೀದಿಗೆ ತರ್ಬಾರ್ದು. ಒಳ್ಳೇ ಪತ್ರ ಹಾಕಿ. ಮಿಕ್ಕಿದ್ದು ನಮಗೆ ಕಳಿಸಿಬಿಡಿ, ನಾವು ನೋಡ್ಕೋತೀವಿ.’

‘ನೋಡ್ಕೋತೀವಿ ಅಂದ್ರೆ? ಓದ್ತೀರಾ, ಒಲೆಗೆ ಹಾಕ್ತೀರಾ?’

‘ಜೂನ್ ಮೇಳ ಹತ್ರ ಬಂತು. ಪತ್ರಿಕೆಯವರೆಲ್ಲ ಇರ್ತಾರೆ. ಜಗಳದ ಸಂಚಿಕೆ ಹೊರಗೆ ಬಂದ್ರೆ ಸಂಘಾನ ನಮ್ಮ ಕಚೇರಿಯೇ ನಡೆಸ್ಬೇಕಾಗುತ್ತೆ. ನಿಮಗೂ ವಿಶ್ರಾಂತಿ ಸಿಗುತ್ತೆ.’

‘ನಾನು ವಿಶ್ರಾಂತಿ ಕೇಳಿದ್ನಾ ಸರ್?’

ಮೇಳವೆಂದರೆ ನ್ಯಾಶ್‌ವಿಲ್‌ನ ದೊಡ್ಡ ಸಭಾಂಗಣದಲ್ಲಿ ಎಲ್ಲ ಗಾಯಕರ ಅಭಿಮಾನಿ ಸಂಘಗಳೂ ಮಳಿಗೆ ಹಾಕುವ ವಾರ. ಡಾರ್ಸಿಯ ಮಳಿಗೆಯ ಪರದೆಯನ್ನು ಇಮೊಜೀನ್ ತಾವೇ ಹೊಲಿಯುತ್ತಿದ್ದರು. ವರ್ಷದಲ್ಲಿ ಆ ನಾಲ್ಕು ದಿನ, ಎಂದೂ ಮುಖ ನೋಡದ ಜನ ಬಂದು ಅವರನ್ನು ತಬ್ಬಿಕೊಂಡು, ‘ನೀವೇನಾ ಮಿಸ್ ಇಮೊಜೀನ್!’ ಎನ್ನುತ್ತಿದ್ದರು. ಕಾರ್ಖಾನೆಯ ವಾರ್ಷಿಕ ರಜೆಯನ್ನೆಲ್ಲ ಅವರು ಅದಕ್ಕೇ ಎತ್ತಿಡುತ್ತಿದ್ದರು. ಈಗ ಕೈತಪ್ಪಿ ಹೋಗಲಿದ್ದದ್ದು ಅದು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವರು, ವಾರವಿಡೀ ರಾತ್ರಿ ಕೂತು ಮಾಡಿ ಮಿಕ್ಕಿದ್ದವನ್ನೂ ಸೇರಿಸಿ, ಎಂಬತ್ತೊಂದು ಪತ್ರಗಳನ್ನೂ ಸ್ಟೆನ್ಸಿಲಿಗೆ ಟೈಪ್ ಮಾಡಿ ಮುಗಿಸಿದರು. ಆಮೇಲೆ ಹೋಯ್ಟ್ ಹಿಂದಿನ ಪಡಸಾಲೆಯಲ್ಲಿ ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿದರು. ತಾನು ಒಪ್ಪದ ಪತ್ರ ಬಂದಾಗ ನಿಧಾನವಾಗಿ, ಒಪ್ಪುವ ಪತ್ರ ಬಂದಾಗ ಜೋರಾಗಿ ತಿರುಗಿಸುತ್ತಾರೆಂದು ಇಮೊಜೀನ್ ಬೈದರು.

ಭಾನುವಾರ ಚರ್ಚ್ ಮುಗಿಸಿಕೊಂಡು ನೇಡೀನ್ ಕ್ರ್ಯಾಬ್‌ಟ್ರೀ ಬಂದರು. ಪಕ್ಕದ ಮನೆಯವರು, ಕಾರ್ಖಾನೆಯಲ್ಲಿ ಗುಂಡಿ ವಿಭಾಗದವರು. ಹಾಳೆ ಜೋಡಿಸಿ ಪಿನ್ ಹೊಡೆಯುವುದು ಅವರ ಕೆಲಸ, ಅದಕ್ಕೆ ಪ್ರತಿಯಾಗಿ ಕೋಳಿ ಊಟ. ಎರಡನೇ ಗಂಟೆಯಲ್ಲಿ ಅವರ ಕೈ ನಿಂತಿತು.

‘ಇಮೊಜೀನ್, ಈ ಬಿ. ಟ್ಯಾಕೆಟ್ ಯಾರೇ?’

‘ಯಾರೋ. ಪೆನ್ಸಿಲಲ್ಲಿ ಬರ್ದಿದ್ರು.’

‘ರೂಟ್ ಎರಡು, ಬಾಕ್ಸ್ ನಲವತ್ತೊಂದು, ರೆಡ್ ಬಾಯ್ಲಿಂಗ್ ಸ್ಪ್ರಿಂಗ್ಸ್.’

‘ಸರಿ, ಏನಾಯ್ತು?’

ನೇಡೀನ್ ಸಂಚಿಕೆಯ ಕೊನೆಯ ಪುಟ ತಿರುಗಿಸಿ ಮೇಜಿನ ಮೇಲಿಟ್ಟರು. ಅಲ್ಲಿ ಪ್ರತಿ ಮೇ ತಿಂಗಳಿನಂತೆ ಚೌಕಟ್ಟಿನೊಳಗೆ ಒಂದು ಸೂಚನೆ: ‘ಇಪ್ಪತ್ತೇಳಕ್ಕೆ ಡಾರ್ಸಿಯ ತಾಯಿಯ ಹುಟ್ಟುಹಬ್ಬ. ಕಾರ್ಡುಗಳನ್ನು ಕಳಿಸಿ: ಮಿಸೆಸ್ ಬ್ಯೂಲಾ ಪ್ರೂಯಿಟ್, ರೂಟ್ ಎರಡು, ಬಾಕ್ಸ್ ನಲವತ್ತೊಂದು.’

ಹದಿನೆಂಟು ವರ್ಷ ಆರುನೂರು ಮಂದಿ ಕಾರ್ಡು ಕಳಿಸಿದ ಹಳ್ಳಿ ಅಂಚೆಪೆಟ್ಟಿಗೆಯ ವಿಳಾಸ ಅದು. ಅವರಿಗೆಲ್ಲ ಬಾಯಿಪಾಠ. ಅದನ್ನು ಟೈಪ್ ಮಾಡಿದ ಇಮೊಜೀನ್‌ಗೆ ಮಾತ್ರ ಹೊಳೆದಿರಲಿಲ್ಲ. ಕಾಲರ್ ಹೊಲಿಯುವಾಗ ಕೈ ತಾನೇ ಹೋಗುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ. ಟೈಪ್ ಮಾಡುವಾಗಲೂ ಅವರದು ಅದೇ ಅಭ್ಯಾಸ.

‘ತವರಿನ ಹೆಸ್ರು ಹಾಕ್ಕೊಂಡಿದಾರೆ ಮುದುಕಿ. ಡಬ್ಬಿ ಯಾವ್ದು?’ ಎಂದರು ನೇಡೀನ್.

‘ಇಷ್ಟ ಇಲ್ಲ.’

‘ದೇವ್ರೇ.’

ಇಮೊಜೀನ್ ಆ ಪತ್ರವನ್ನು ಈಗ ಮೊದಲ ಸಲ ಮನಸ್ಸಿಟ್ಟು ಓದಿದರು.

‘ಸಂಪಾದಕರೇ, ನನಗೆ ಪಿಟೀಲಿನ ಜಗಳ ಬೇಡ. ಈ ಮನುಷ್ಯ ಹಾಡುವಾಗ ಮೂರನೆಯ ಸಾಲಿಗೆ ಮುಂಚೆ ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಾನೆ. ಹಳೆಯ ರೆಕಾರ್ಡುಗಳಲ್ಲೆಲ್ಲ ಅದು ಕೇಳುತ್ತದೆ. ಹೊಸದರಲ್ಲಿ ಇಲ್ಲ. ಸದ್ದು ಜೋರು ಮಾಡಿದೆ, ವಯಲಿನ್ ಜೋರಾಯಿತೇ ಹೊರತು ಉಸಿರು ಬರಲಿಲ್ಲ. ಯಾರೋ ಅಳಿಸಿದ್ದಾರೆ. ಹಾಡು ಚೆನ್ನಾಗಿದೆ. ಹಾಡುವವನು ಚೆನ್ನಾಗಿದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ.’

‘ಈ ಹಾಳೆ ತೆಗ್ದುಬಿಡೋಣ ಕಣೇ. ಪಿನ್ ಕೀಳೋದು ನಂಗೆ ಬಿಡು,’ ಎಂದರು ನೇಡೀನ್.

‘ಹಿಂದಿನ ಮಗ್ಗುಲಲ್ಲಿ ಹನ್ನೊಂದು ಜನದ ಪತ್ರ ಇದೆ.’

‘ಹನ್ನೊಂದು ಜನಕ್ಕೋಸ್ಕರ ತಾಯಿ ಮಗನ ಮಧ್ಯೆ ಬೆಂಕಿ ಹಚ್ತೀಯಾ? ಆ ಗ್ರೀರ್ ನಿನ್ನ ಸುಮ್ನೆ ಬಿಡ್ತಾನಾ?’

ಇಮೊಜೀನ್ ಎದ್ದು ಹೋಗಿ ಫೋನ್ ತಿರುಗಿಸಿದರು. ಬ್ಯೂಲಾ ಅವರ ಕಡೆ ಇನ್ನೂ ನಾಲ್ಕು ಮನೆಗೆ ಒಂದೇ ತಂತಿ. ಯಾರಿಗೆ ಕರೆ ಬಂದರೂ ನಾಲ್ಕು ಮನೆಯಲ್ಲೂ ಕೇಳಿಸಿಕೊಳ್ಳಬಹುದಿತ್ತು.

‘ಮಿಸ್ ಬ್ಯೂಲಾ, ನಿಮ್ಮ ಪತ್ರ ಬಂದಿದೆ,’ ಎಂದರು ಇಮೊಜೀನ್.

‘ಒಂದ್ನಿಮಿಷ ಮಗಳೇ. ವೆಸ್ಟಾ, ಫೋನ್ ಕೆಳಗಿಡು. ನಿನ್ನ ಗೋಡೆ ಗಡಿಯಾರ ಹೊಡ್ಕೊಳ್ಳೋದು ನಂಗೆ ಕೇಳಿಸ್ತಿದೆ.’ ತಂತಿಯಲ್ಲಿ ಒಂದು ಕ್ಲಿಕ್ ಆಯಿತು. ‘ಹೂಂ, ಈಗ ಹೇಳು.’

‘ನಿಮ್ಮದು ಅಂತ ಗೊತ್ತಾಗ್ದೆ ಅಚ್ಚು ಹಾಕ್ಬಿಟ್ಟೆ. ವಿಳಾಸಾನೂ ಹಾಕಿದೀನಿ. ಎಲ್ರಿಗೂ ತಿಳಿದುಬಿಡುತ್ತೆ.’

‘ಅಯ್ಯೋ, ವಿಳಾಸ ಮರ್ತೇಬಿಟ್ಟಿದ್ದೆ ನೋಡು.’ ಮುದುಕಿ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು. ‘ನಾನು ಬೈದಿದೀನಾ?’

‘ಇಲ್ಲ.’

‘ನಿನ್ನ ನಿಯಮ ಏನು?’

‘ಬೈಗುಳ ಇಲ್ದಿದ್ರೆ ಹಾಕ್ಬೇಕು.’

‘ಮತ್ತೆ ನನ್ನ ಯಾಕೆ ಕೇಳ್ತೀಯ?’

‘ಮಗನಿಗೇ ನೇರವಾಗಿ ಹೇಳ್ಬಹುದಿತ್ತಲ್ಲ ನೀವು.’

‘ಹೇಳ್ದೆ. “ಆಯ್ತಮ್ಮ” ಅಂದ. ತಾಯಿ ಏನಂದ್ರೂ “ಆಯ್ತಮ್ಮ”. ನಿನ್ನ ಪೇಪರಲ್ಲಿ ಬಂದ್ರೆ ಕೂತು ಓದ್ತಾನೆ, ಯಾರೋ ಟಿಕೆಟ್ ಕೊಂಡೋರು ಅಂದ್ಕೊಂಡು. ಅವ್ನಿಗೆ ಚಿಕ್ಕವನಿದ್ದಾಗ ಉಬ್ಬಸ ಇತ್ತು ಮಗಳೇ. ಆ ಉಸಿರು ಕೇಳಿಸಿದ್ರೇನೇ ನಾನು ಒಲೆ ಮುಂದಕ್ಕೆ ಹೋಗ್ತಿದ್ದದ್ದು.’

ನೇಡೀನ್ ಹೋದ ಮೇಲೆ ಇಮೊಜೀನ್ ಎರಡು ರೆಕಾರ್ಡುಗಳನ್ನು ತೆಗೆದರು. ಮೊದಲು ಹಳೆಯದು, ಆಮೇಲೆ ಹೊಸದು. ಈ ಸಲ ಹೋಯ್ಟ್ ಮನೆಯಲ್ಲೇ ಇದ್ದರು. ಹಳೆಯದರಲ್ಲಿ ಮೂರನೆಯ ಸಾಲಿಗೆ ಮುಂಚೆ ಉಸಿರು ಬಂತು. ಹೊಸದರಲ್ಲಿ ಆ ಜಾಗ ತೊಳೆದಿಟ್ಟ ತಟ್ಟೆಯಂತೆ ಬರಿದಾಗಿತ್ತು. ಅದೇ ಹಾಡನ್ನು ಅವರು ನಾಲ್ಕು ಸಲ ಹಾಕಿದರು.

‘ನಿಂಗೆ ಇದು ಇಷ್ಟ ಅಲ್ವೇ?’ ಎಂದರು ಹೋಯ್ಟ್. ಅದು ಪ್ರಶ್ನೆಯಾಗಿರಲಿಲ್ಲ.

‘ಇಷ್ಟ.’

‘ನಂಗೊತ್ತಿತ್ತು. ಹೊಲದಿಂದ ಬಂದಾಗೆಲ್ಲ ರೆಕಾರ್ಡ್ ಪೆಟ್ಟಿಗೆ ಬಿಸಿ ಇರ್ತಿತ್ತು.’

‘ಈಗ್ಲೂ ಇಷ್ಟಾನೇ,’ ಎಂದರು ಇಮೊಜೀನ್. ‘ಆದ್ರೆ ಇನ್ಮೇಲೆ ಆ ಜಾಗ ಬಂದಾಗ ಕಾಯ್ತೀನಿ.’

ಸೋಮವಾರ ಕಾರ್ಖಾನೆಯ ಊಟದ ಬಿಡುವಿನಲ್ಲಿ ಹೋಯ್ಟ್ ಪಿಕಪ್ ತಂದು ನಿಲ್ಲಿಸಿದರು. ಆರುನೂರ ಇಪ್ಪತ್ತು ಪ್ರತಿಗಳೂ ಗ್ಯಾಲಟಿನ್ ಅಂಚೆ ಕಚೇರಿಗೆ ಹೋದವು. ಒಂದು ಹಾಳೆಯನ್ನೂ ತೆಗೆದಿರಲಿಲ್ಲ.

ಗ್ರೀರ್ ಅವರ ಕಾಗದ ಹನ್ನೊಂದು ದಿನಕ್ಕೆ ಬಂತು. ಎರಡೇ ಸಾಲು, ಕೆಳಗೆ ಧನ್ಯವಾದ. ಸಂಘದ ಹೆಸರು, ಸದಸ್ಯರ ಪಟ್ಟಿ, ಮೇಳದ ಮಳಿಗೆ ಎಲ್ಲವೂ ಇನ್ನು ಕಚೇರಿಯದು. ಇಮೊಜೀನ್ ಪಟ್ಟಿಯನ್ನು ಶುದ್ಧವಾಗಿ ಪ್ರತಿ ಮಾಡಿ, ಸತ್ತವರ ಹೆಸರಿನ ಮುಂದೆ ಸಣ್ಣ ಗುರುತು ಹಾಕಿ ಕಳಿಸಿದರು. ಅರ್ಧ ಹೊಲಿದಿದ್ದ ಪರದೆಯನ್ನು ಮಡಿಸಿ ಕಪಾಟಿನ ಮೇಲಿಟ್ಟರು.

ಮೇಳಕ್ಕೆ ಮಾತ್ರ ಹೋದರು. ರಜೆ ಹೇಗೂ ಬರೆಸಿಯಾಗಿತ್ತು. ನೇಡೀನ್ ಜೊತೆ ಸಹಿ ಹಾಕಿಸಿಕೊಳ್ಳುವವರ ಸಾಲಿನಲ್ಲಿ ಎರಡೂವರೆ ಗಂಟೆ ನಿಂತರು. ಹೊಸ ಮಳಿಗೆಯ ಪರದೆ ಬಾಡಿಗೆಯದು, ಕೆಳಗಿನ ಅಂಚು ಸರಿಯಾಗಿ ಮಡಿಸಿರಲಿಲ್ಲ. ನೇಡೀನ್ ಅದನ್ನು ಮೂರು ಸಲ ಹೇಳಿದರು. ಸಾಲಿನಲ್ಲಿದ್ದ ಕೆಲವರು ಇಮೊಜೀನ್‌ರನ್ನು ತಬ್ಬಿಕೊಂಡರು. ಅಲಬಾಮಾದ ನರ್ಸ್ ಮಾತ್ರ, ‘ತಾಯಿಯ ಹೆಸರನ್ನು ಬೀದಿಗೆ ತಂದಿರಿ,’ ಎಂದು ಮುಖ ತಿರುಗಿಸಿದಳು. ಇಮೊಜೀನ್ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋದರು.

ಅವರ ಸರದಿ ಬಂದಾಗ ಡಾರ್ಸಿ ತಲೆ ಎತ್ತಿ, ಪೆನ್ನು ಕೆಳಗಿಟ್ಟರು. ನಲವತ್ತೆಂಟರ ಮುಖ ದಣಿದಿತ್ತು. ಹಿಂದೆ ಗ್ರೀರ್ ಯಾರೊಡನೆಯೋ ಮಾತಾಡುತ್ತ ನಿಂತಿದ್ದರು.

‘ಮಿಸ್ ಇಮೊಜೀನ್. ನೀವು ಸಾಲಲ್ಲಿ ನಿಂತ್ರಾ?’

‘ಎಲ್ರೂ ನಿಂತಿದಾರಪ್ಪ.’

‘ಅಮ್ಮನ ಪತ್ರ ಓದ್ದೆ.’ ಅವರು ಹೊಸ ರೆಕಾರ್ಡಿನ ಹೊದಿಕೆಯನ್ನು ಎಳೆದುಕೊಂಡು ಅದರ ಮೇಲೆ ನಿಧಾನವಾಗಿ ಹೆಸರು ಬರೆದರು. ‘ಮಿಕ್ಕ ನಲವತ್ತೆರಡೂ ಓದ್ದೆ. ಅಳಿಸಿದ್ದು ನಂಗೆ ಗೊತ್ತೇ ಇರ್ಲಿಲ್ಲ.’

‘ನಂಗೂ ಗೊತ್ತಿರ್ಲಿಲ್ಲ. ನಂಗೆ ಆ ರೆಕಾರ್ಡು ಇಷ್ಟ.’

‘ಹೌದಾ?’ ಡಾರ್ಸಿ ನಕ್ಕರು. ‘ಹದಿನೆಂಟು ವರ್ಷದಲ್ಲಿ ನೀವು ನಿಮ್ಮ ಅಭಿಪ್ರಾಯ ಹೇಳಿದ್ದು ಇದೇ ಮೊದ್ಲು.’ ಹಿಂದೆ ಒಮ್ಮೆ ನೋಡಿ ದನಿ ತಗ್ಗಿಸಿದರು. ‘ಜನ ನಿಮ್ಮ ವಿಳಾಸಕ್ಕೇ ಬರೀತಾರೆ, ನಂಗೊತ್ತು. ಬಂದದ್ದನ್ನ ಅಮ್ಮನ ಮನೆಗೆ ಕಳ್ಸಿ. ತಿಂಗಳ ಮೊದಲ್ನೇ ಭಾನುವಾರ ನಾನು ಅಲ್ಲಿ ಊಟಕ್ಕೆ ಹೋಗ್ತೀನಿ. ಗ್ರೀರ್ ಬರಲ್ಲ. ಅವ್ನಿಗೆ ಬೆಂಡೆಕಾಯಿ ಆಗಲ್ಲ.’

ಜುಲೈ ಸಂಚಿಕೆ ನ್ಯಾಶ್‌ವಿಲ್‌ನಿಂದ ನುಣುಪು ಕಾಗದದಲ್ಲಿ, ಬಣ್ಣದ ಚಿತ್ರಗಳೊಂದಿಗೆ ಬಂತು. ಪತ್ರಗಳ ಪುಟ ಇರಲಿಲ್ಲ. ವಿಳಾಸ ಬದಲಾಗಿದೆ ಎಂಬ ಸೂಚನೆ ಮೊದಲ ಪುಟದಲ್ಲೇ ಇತ್ತು. ಆದರೂ ಪತ್ರಗಳು ಗ್ಯಾಲಟಿನ್‌ಗೇ ಬರುತ್ತಿವೆ. ಇಮೊಜೀನ್ ಅವನ್ನು ಎರಡು ಡಬ್ಬಿಗೆ ಬೇರ್ಪಡಿಸಿ, ದಾರ ಕಟ್ಟಿ, ಪ್ರತಿ ತಿಂಗಳ ಕೊನೆಯ ಬುಧವಾರ ಬಾಕ್ಸ್ ನಲವತ್ತೊಂದಕ್ಕೆ ಅಂಚೆಗೆ ಹಾಕುತ್ತಾರೆ.