ಕೊಲೆಗಾರ ಬೇಗ ಸಿಗುವ ಕಾದಂಬರಿ

ರಿಟೈರ್ ಆದ ಮೇಲೆ ಒಂದು ವಾರಪತ್ರಿಕೆಗೆ ಹೊಸ ಪುಸ್ತಕಗಳ ಬಗ್ಗೆ ಬರೆಯಲು ಒಪ್ಪಿಕೊಂಡೆ. ರೋಣದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು, ಓದುವುದೇನು ಮಹಾ ಎಂದುಕೊಂಡಿದ್ದೆ. ಸ್ವಂತ ದುಡ್ಡಿನಲ್ಲಿ ಕಾದಂಬರಿ ಅಚ್ಚು ಹಾಕಿಸಿದವರು ನಮ್ಮ ಸುತ್ತಮುತ್ತ ಇಷ್ಟು ಜನ ಇದ್ದಾರೆಂದು ಆಗ ಗೊತ್ತಿರಲಿಲ್ಲ. ಪ್ರಕಾಶಕರಿಲ್ಲ, ತಿದ್ದುವವರಿಲ್ಲ. ಬರೆದವರೇ ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಾರೆ. "ಅಕ್ಕೋರ, ಒಂದೀಟ ಅಭಿಪ್ರಾಯ ಬರೀರಿ" ಎಂದು ಕೊಟ್ಟು, ಚಹಾ ಕುಡಿದು ಹೋಗುತ್ತಾರೆ. ಮುಂದಿನ ವಾರವೇ ಫೋನು.

ಓದಿ ಓದಿ ದಣಿದಿದ್ದೇನೆ. ಐತಿಹಾಸಿಕ ಕಾದಂಬರಿಯಾದರೆ ಅಡುಗೆಯವಳೂ ರಾಜನ ಹಾಗೆ ಭಾಷಣ ಮಾಡುತ್ತಾಳೆ. ಪ್ರೇಮಕಥೆಯಾದರೆ ಹುಡುಗಿ ಜಡ್ಡು ಬಂದು ಹಾಸಿಗೆ ಹಿಡಿಯುವುದು ಖಾತ್ರಿ. ನರಗುಂದದಿಂದ ಬಂದ ದೆವ್ವದ ಕಥೆಯಲ್ಲಿ ಮೊದಲ ಸಾಲಿಗೇ ನಾಯಿ ಊಳಿಡುತ್ತದೆ, ಆಮೇಲೆ ಹೆದರಲು ಏನೂ ಉಳಿದಿರುವುದಿಲ್ಲ. ಚಿಕ್ಕನರಗುಂದದ ಮಾಸ್ತರೊಬ್ಬರು ಮಂಗಳ ಗ್ರಹದ ಮೇಲೆ ಕಾದಂಬರಿ ಬರೆದಿದ್ದರು. ಅಲ್ಲಿಯ ಜನ ಪಂಚಾಯತಿ ಚುನಾವಣೆಗೆ ನಿಂತು ನಮ್ಮ ಹಾಗೆಯೇ ಜಗಳಾಡುತ್ತಾರೆ. ಅದೊಂದು ನನಗೆ ಹಿಡಿಸಿತು. ಆದರೆ ಅಚ್ಚಿನ ತಪ್ಪುಗಳು ಎಷ್ಟಿದ್ದವೆಂದರೆ ಅರ್ಧಕ್ಕೇ ಕಣ್ಣು ಸೋತವು.

ಹೀಗಿರುವಾಗ ಗಜೇಂದ್ರಗಡದ ಬಟ್ಟೆ ವ್ಯಾಪಾರಿಯೊಬ್ಬರು ಬರೆದ ಪತ್ತೇದಾರಿ ಕಾದಂಬರಿ ಬಂತು. ಎರಡನೆಯ ಅಧ್ಯಾಯದಲ್ಲಿ ದವಾಖಾನೆಯ ಕಂಪೌಂಡರ್ ಮತ್ತೆ ಮತ್ತೆ ಕೈ ತೊಳೆಯುವುದನ್ನು ಓದಿದಾಗಲೇ ಕೊಲೆಗಾರ ಯಾರೆಂದು ತಿಳಿದುಹೋಯಿತು. ಉಳಿದದ್ದನ್ನು ಕರ್ತವ್ಯವೆಂದು ಮುಗಿಸಿದೆ. ಅವರು ಫೋನ್ ಮಾಡಿದಾಗ ಸುತ್ತಿಬಳಸಿ ಮಾತಾಡುವ ತ್ರಾಣ ನನ್ನಲ್ಲಿರಲಿಲ್ಲ.

"ಕೊಲೆಗಾರ ಭಾಳ ಲಗೂ ಸಿಕ್ಕಬಿಡ್ತಾನ್ರಿ" ಅಂದೆ.

"ಅದನ್ನ ಬೇಕಂತನ ಮಾಡೇನ್ರಿ" ಅಂದರು.

ಅವರ ಹೆಂಡತಿಗೆ ಮೊದಲಿನಿಂದಲೂ ಪತ್ತೇದಾರಿ ಕಾದಂಬರಿಗಳ ಹುಚ್ಚು. ಸಕ್ಕರೆ ಕಾಯಿಲೆಯಿಂದ ಈಗ ಕಣ್ಣು ಹೋಗಿವೆ. ಅಂಗಡಿ ಮುಚ್ಚಿ ಬಂದು ಇವರೇ ಓದಿ ಹೇಳುತ್ತಿದ್ದರಂತೆ. ಊರಲ್ಲಿ ಸಿಗುವ ಪುಸ್ತಕಗಳೆಲ್ಲ ಮುಗಿದ ಮೇಲೆ ತಾವೇ ಬರೆಯತೊಡಗಿದರು. "ಗೊತ್ತಾದ ಕೂಡ್ಲೆ ಚಪ್ಪಾಳಿ ಹೊಡಿತಾಳ್ರಿ ಆಕಿ. ಆ ಖುಷಿ ಲಗೂ ಬರ್ಲಿ ಅಂತ ಹಂಗ ಬರದೆ." ಒಮ್ಮೆ ಮನೆಗೆ ಬಂದುಹೋಗಿ ಎಂದು ಒತ್ತಾಯಿಸಿದರು.

ಹೋಗುವ ಮನಸ್ಸಿರಲಿಲ್ಲ. ಆದರೂ ಒಂದು ಮಧ್ಯಾಹ್ನ ಗಜೇಂದ್ರಗಡದ ಬಸ್ಸು ಹತ್ತಿದೆ. ದಾರಿಯಲ್ಲಿ ಸೂಡಿ ಊರು ದಾಟುವಷ್ಟರಲ್ಲಿ ಸೊಂಟ ಹಿಡಿದಿತ್ತು.

ಅವರ ಮನೆ ಅಂಗಡಿಯ ಮೇಲೆಯೇ ಇತ್ತು. ನಾನು ಹೋಗಿ ಕೂತ ಸ್ವಲ್ಪ ಹೊತ್ತಿಗೆ ಗಿರಾಕಿ ಬಂದರೆಂದು ವ್ಯಾಪಾರಿ ಕೆಳಗೆ ಇಳಿದರು. ಮಂಚದ ಮೇಲೆ ಕುಳಿತಿದ್ದ ಅವರ ಹೆಂಡತಿ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಖರೇ ಹೇಳ್ರಿ ಅಕ್ಕೋರ, ನಿಮಗ ಯಾವಾಗ ಗೊತ್ತಾತು?"

"ಎರಡನೇ ಅಧ್ಯಾಯದಾಗ್ರಿ."

"ನನಗ ಮೊದಲನೇದ್ರಾಗ ಗೊತ್ತಾಗಿತ್ತು. ದಣದು ಬಂದು ಓದ್ತಾರ, ಹ್ಯಾಂಗ ಹೇಳೂದು? ಸ್ವಲ್ಪ ತಡದು ಚಪ್ಪಾಳಿ ಹೊಡದೆ." ನಕ್ಕರು. ಆಮೇಲೆ ದನಿ ಇಳಿಸಿದರು. "ನೀವರ ಪೇಪರದಾಗ ಚಲೋ ಐತಿ ಅಂತ ಬರೀಬ್ಯಾಡ್ರಿ. ಮುಂದಿಂದೂ ಹಿಂಗ ಬರದ್ರ ನಾ ಹ್ಯಾಂಗ ಕೇಳ್ಲಿ?"

ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕೂತೆ. ಇಬ್ಬರೂ ಒಬ್ಬರಿಗೊಬ್ಬರು ಗುಟ್ಟು ಬಿಡದೆ ಸುಖವಾಗಿದ್ದರು. ಅದನ್ನು ಕೆಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಬರೆದೆ. ಮಾತು ಸರಳವಾಗಿದೆ, ಪೇಟೆಯ ಓಣಿಗಳು ಕಣ್ಣಿಗೆ ಕಟ್ಟುತ್ತವೆ, ಆದರೆ ಲೇಖಕರು ಓದುವವರ ಬುದ್ಧಿಯನ್ನು ತೀರ ಕಡಿಮೆ ಅಂದಾಜು ಮಾಡಿದ್ದಾರೆ ಎಂದೆ. ಪತ್ರಿಕೆ ಬಂದ ಮೇಲೆ ವ್ಯಾಪಾರಿಯ ಫೋನ್ ಬರಲಿಲ್ಲ. ನೊಂದುಕೊಂಡಿರಬೇಕು ಅಂದುಕೊಂಡೆ. ನಾನಾಗಿಯೇ ಮಾಡೋಣವೆಂದರೆ ಏನು ಹೇಳುವುದೆಂದು ತೋಚಲಿಲ್ಲ. ಹೀಗೇ ಬೇಸಿಗೆ ಕಳೆಯಿತು.

ಮಳೆ ಶುರುವಾದ ಮೇಲೆ ಅವರ ಫೋನ್ ಬಂತು. "ಎರಡನೇ ಕಾದಂಬರಿ ಬರದೇನ್ರಿ ಅಕ್ಕೋರ, ಕಡೇ ಅಧ್ಯಾಯ ಒಂದ ಉಳದೈತಿ. ಮನ್ಯಾಕಿಗೆ ಇನ್ನೂ ಗೊತ್ತಾಗವಲ್ದು. ಊಟಕ್ಕ ಕೂಡಾಕ ಬಿಡವಲ್ಲಳ್ರಿ, ಯಾರು, ಯಾರು ಅಂತ ಒಂದ ಸಮ ಕೇಳ್ತಾಳ."

"ಯಾರ್ರಿ ಕೊಲೆಗಾರ?"

ಅವರು ಹೊರಗೆ ನಡೆದು ಹೋಗುತ್ತಿರುವುದು ಕೇಳಿಸಿತು. ಆಮೇಲೆ ಮೆಲ್ಲಗೆ, "ಅದ ನನಗೂ ತಿಳಿವಲ್ದ್ರಿ. ನೀವು ಒಮ್ಮೆ ಓದಿ ಹೇಳ್ರಿ" ಅಂದರು.

ಮೇಜಿನ ಮೇಲೆ ಓದದ ಪುಸ್ತಕಗಳ ಗುಡ್ಡೆ ಹಾಗೇ ಇತ್ತು.

"ಕಳಿಸ್ರಿ" ಅಂದೆ.